ಹಟಮಾರಿ ಕಡಲ ಮೀನಿಗೆ ಜೀವಂತ ಆಹಾರ: ಕರಾವಳಿಯ ಮನೆಯಲ್ಲಿ ವರ್ಷವಿಡೀ ಒದಗಿಸುವ ಬಗೆ

ಅಂಗಡಿಯಿಂದ ತಂದ ಮ್ಯಾಂಡರಿನ್ ಮೀನು ಪೆಲೆಟ್ ತಿನ್ನುತ್ತಿಲ್ಲವೆಂದರೆ ಅದಕ್ಕೆ ಹಸಿವಿಲ್ಲವೆಂದು ಅರ್ಥವಲ್ಲ. ಎದುರಿಗೆ ಬಿದ್ದಿರುವುದು ಊಟವೆಂದು ಅದಕ್ಕೆ ಗೊತ್ತಿಲ್ಲ, ಅಷ್ಟೆ. ಪಶ್ಚಿಮ ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಹುಟ್ಟಿ ಬೆಳೆದ ಈ ಮೀನು ಹಗಲೆಲ್ಲ ಕಲ್ಲಿನ ಮೈಯನ್ನು ಇಂಚಿಂಚಾಗಿ ನೋಡುತ್ತ, ಅಲ್ಲಿ ಹರಿದಾಡುವ, ಹೆಚ್ಚೆಂದರೆ ಒಂದು ಮಿಲಿಮೀಟರ್ ಉದ್ದದ ಕೊಪೆಪಾಡ್ ಎಂಬ ಸಿಗಡಿ ವರ್ಗದ ಪುಟ್ಟ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಅಲುಗಾಡದ ಕಾಳನ್ನು ಅದು ಮರಳಿನ ಕಣವೆಂದೇ ಬಗೆಯುತ್ತದೆ. ಕಾಪರ್‌ಬ್ಯಾಂಡ್ ಚಿಟ್ಟೆಮೀನಿನ ಕಥೆಯೂ ಹೆಚ್ಚು ಬೇರೆಯಲ್ಲ. ಬಿರುಕಿನೊಳಗಿನ ಹುಳುವನ್ನು ಎಳೆದು ತಿನ್ನಲೆಂದು ಇಕ್ಕಳದ ಹಾಗೆ ಉದ್ದವಾಗಿರುವ ಅದರ ಮೂತಿ, ನೀರಿನ ಮೇಲೆ ತೇಲುವ ಚಕ್ಕೆಯ ಕಡೆಗೆ ತಿರುಗುವುದೇ ಇಲ್ಲ.

ಇಂತಹ ಮೀನುಗಳಿಗೆ ಜೀವಂತ ಆಹಾರ ಎಷ್ಟು ಕಾಲ ಬೇಕೆಂಬುದನ್ನು ಮೀನು ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. ಕಾಪರ್‌ಬ್ಯಾಂಡ್, ಆಂಥಿಯಸ್, ಕಡಲಿನಿಂದ ಹೊಸದಾಗಿ ಹಿಡಿದು ತಂದ ಏಂಜೆಲ್ ಮೊದಲಾದವುಗಳಿಗೆ ಅದು ಹೊಳೆ ದಾಟಿಸುವ ದೋಣಿಯಿದ್ದಂತೆ. ಕೆಲವು ವಾರ ಸಾಗಿಸಿ ಆಚೆ ದಡ ಮುಟ್ಟಿಸಿದರೆ ಮುಂದೆ ಅವು ಫ್ರೋಜನ್ ಆಹಾರದ ಮೇಲೆ ಬದುಕುತ್ತವೆ. ಮ್ಯಾಂಡರಿನ್‌ಗೆ ಬಹುಮಟ್ಟಿಗೆ ಜೀವನಪರ್ಯಂತ ಬೇಕು. ವರ್ಷವಿಡೀ ಕೊಪೆಪಾಡ್ ಬೆಳೆಸುವ ಮನಸ್ಸಿಲ್ಲದವರು ಮ್ಯಾಂಡರಿನ್ ಕೊಳ್ಳದಿರುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಕಡಲಕುದುರೆಯೂ ಇದೇ ಜಾತಿಯ ಹಟಮಾರಿಯಾದರೂ ಅದನ್ನು ಸಾಕುವ ಮಾತೇ ಇಲ್ಲಿ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ 2001ರಿಂದ ರಕ್ಷಣೆಯಿದ್ದು, ಹಿಡಿಯುವುದೂ ಮಾರುವುದೂ ಅಪರಾಧ. ಬಲೆಗೆ ಸಿಕ್ಕಿತೆಂದು ಯಾರಾದರೂ ತಂದು ಕೊಟ್ಟರೂ ಕೈಯೊಡ್ಡಬಾರದು.

ಕಡಲು ಪಕ್ಕದಲ್ಲಿದ್ದರೂ

ಮಂಗಳೂರು ಉಡುಪಿಯವರಾದ ನಮಗೆ ಮೊದಲು ಹೊಳೆಯುವ ಉಪಾಯವೆಂದರೆ ಕಡಲಿನಿಂದ ಒಂದು ಬಾಲ್ದಿ ನೀರು ತಂದು ಟ್ಯಾಂಕಿಗೆ ಸುರಿಯುವುದು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳೆಲ್ಲ ಇರುತ್ತವಲ್ಲ ಎಂಬುದು ಅದರ ಹಿಂದಿನ ತರ್ಕ. ಇರುತ್ತವೆಂಬುದು ನಿಜ. ಆದರೆ ಕೊಪೆಪಾಡ್‌ಗಳ ಜೊತೆಗೆ ಮೀನಿನ ಮೈಗೆ ಅಂಟುವ ಪರೋಪಜೀವಿಗಳೂ, ಕಲ್ಲಿಗೆ ಅಂಟಿ ಹರಡುವ ಹೈಡ್ರಾಯ್ಡ್‌ಗಳೂ, ಏಡಿಯ ಮರಿಗಳೂ ಬರುತ್ತವೆ, ಮತ್ತು ಒಮ್ಮೆ ಒಳಸೇರಿದ ಹೈಡ್ರಾಯ್ಡ್‌ಗಳನ್ನು ಹೊರಹಾಕುವುದು ಕಲ್ಲುಗಳನ್ನೆಲ್ಲ ಹೊರತೆಗೆದು ಒಣಗಿಸುವಷ್ಟು ದೊಡ್ಡ ಕೆಲಸವಾಗುತ್ತದೆ. ಇದಲ್ಲದೆ ನಮ್ಮ ಕಡಲು ವರ್ಷವಿಡೀ ಒಂದೇ ಆಗಿರುವುದಿಲ್ಲ. ಜೂನ್ ನಂತರ ನೇತ್ರಾವತಿ, ಫಲ್ಗುಣಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ ಇವೆಲ್ಲ ತುಂಬಿ ಹರಿದು ಬಂದು ಸೇರುವ ಕಡೆಗಳಲ್ಲಿ ದಡದ ನೀರಿನ ಉಪ್ಪಿನಂಶ ಇಳಿದು, ಕೆಸರು ಕದಡಿ, ಸೆಪ್ಟೆಂಬರ್ ದಾಟುವವರೆಗೂ ಅದು ಅಕ್ವೇರಿಯಂಗೆ ಉಪಯೋಗಕ್ಕೆ ಬಾರದ ಸ್ಥಿತಿಯಲ್ಲಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಾರುಕಟ್ಟೆಯಲ್ಲಿ ತಾಜಾ ಸಿಗಡಿಗೂ ಬರ. ಮೀನಿನ ಹೊಟ್ಟೆ ಮಾತ್ರ ಆ ಎರಡು ತಿಂಗಳು ರಜೆ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಕಡಲಿನಿಂದ ನಾನು ತರುವುದು ಎರಡನ್ನು ಮಾತ್ರ: ಬೇಸಿಗೆಯ ನೀರು ಮತ್ತು ಮರುವಾಯಿ ಎಂಬ ಚಿಪ್ಪುಜೀವಿ. ಉಳಿದೆಲ್ಲವೂ ಮನೆಯೊಳಗೇ ಬೆಳೆಯಬೇಕು.

ನೀರನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಭರತದ ಹೊತ್ತಿನಲ್ಲಿ, ನದೀಮುಖದಿಂದಲೂ ಬಂದರಿನಿಂದಲೂ ದೂರವಿರುವ ತೆರೆದ ದಂಡೆಯಲ್ಲಿ ತುಂಬಿಕೊಳ್ಳಬೇಕು. ದೋಣಿಗಳು ನಿಲ್ಲುವ ಕಡೆ ಡೀಸೆಲ್ ಪೊರೆ ತೇಲುತ್ತಿರುತ್ತದೆ. ಅಲ್ಲಿಯ ನೀರು ಖಂಡಿತ ಬೇಡ. ಮನೆಗೆ ತಂದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಕ್ಯಾನಿನಲ್ಲಿ ಬೆಳಕು ತಾಗದಂತೆ ಎರಡು ವಾರ ಇಟ್ಟರೆ ಕೆಸರು ತಳಕ್ಕಿಳಿಯುತ್ತದೆ ಮತ್ತು ಆತಿಥೇಯ ಸಿಗದ ಪರೋಪಜೀವಿಗಳಲ್ಲಿ ಬಹಳಷ್ಟು ಸಾಯುತ್ತವೆ. ಪಾಚಿ ಮತ್ತು ಕೊಪೆಪಾಡ್ ಬೆಳೆಸಲು ಬಳಸುವ ನೀರಿಗೆ ಇನ್ನೂ ಒಂದು ಹಂತ ಬೇಕು. ಸುಗಂಧ ಬೆರೆಸದ ಸಾದಾ ಬ್ಲೀಚ್ ದ್ರಾವಣ, ಎಂದರೆ ಸೋಡಿಯಂ ಹೈಪೋಕ್ಲೋರೈಟ್ ಶೇ. 5ರಷ್ಟಿರುವುದನ್ನು, ಲೀಟರಿಗೆ ಅರ್ಧ ಮಿಲಿಲೀಟರ್‌ನಂತೆ ಹಾಕಿ ಒಂದು ದಿನ ಬಿಟ್ಟು, ಮರುದಿನ ಹೈಪೋ, ಎಂದರೆ ಸೋಡಿಯಂ ಥಯೋಸಲ್ಫೇಟ್, ಹರಳು ಕರಗಿಸಿ ಕ್ಲೋರಿನ್ ತೆಗೆದು, ಕ್ಲೋರಿನ್ ಪರೀಕ್ಷೆಯ ಪಟ್ಟಿಯಲ್ಲಿ ಸೊನ್ನೆ ಬಂದ ಮೇಲೆಯೇ ಬಳಸಬೇಕು. ಮಳೆಗಾಲಕ್ಕೆ ಬೇಕಾಗುವ ನೀರನ್ನೆಲ್ಲ ಕೂಡಿಡಲು ಜಾಗವಿಲ್ಲದವರು ಅಕ್ವೇರಿಯಂ ಉಪ್ಪನ್ನು ಬೆರೆಸಿಕೊಳ್ಳಬಹುದು. ಖರ್ಚು ಹೆಚ್ಚು, ತೊಂದರೆ ಕಡಿಮೆ.

ಆರ್ಟೀಮಿಯಾ: ಎಂಟು ಗಂಟೆಯ ಬುತ್ತಿ

ಎಲ್ಲರೂ ಆರಂಭಿಸುವುದು ಆರ್ಟೀಮಿಯಾದಿಂದ, ಮತ್ತು ಹಾಗೆ ಆರಂಭಿಸುವುದೇ ಸರಿ. ಉಪ್ಪುನೀರಿನ ಕೆರೆಗಳಲ್ಲಿ, ಉಪ್ಪಿನ ಗದ್ದೆಗಳಲ್ಲಿ ಬದುಕುವ ಈ ಪುಟ್ಟ ಜೀವಿಯ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ಸುಪ್ತವಾಗಿರಬಲ್ಲವು. ಅಮೆರಿಕದ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಬರುವ ಡಬ್ಬಿಗಳು ಸಿಗಡಿ ಮರಿ ಮಾಡುವ ಹ್ಯಾಚರಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬರುವುದರಿಂದ ಮತ್ಸ್ಯಕೃಷಿಯ ಸಾಮಾನು ಮಾರುವವರಲ್ಲಿ ಅವು ಸಿಗುತ್ತವೆ. ಒಳ್ಳೆಯ ದರ್ಜೆಯ ಒಂದು ಗ್ರಾಂ ಮೊಟ್ಟೆಯಿಂದ ಎರಡು ಲಕ್ಷಕ್ಕೂ ಹೆಚ್ಚು ಮರಿಗಳು ಹೊರಬರುತ್ತವೆ.

ಎರಡು ಲೀಟರಿನ ಸೋಡಾ ಬಾಟಲಿಯ ತಳ ಕತ್ತರಿಸಿ, ಬಿರಡೆ ಬಿಗಿದು, ತಲೆಕೆಳಗಾಗಿ ನಿಲ್ಲಿಸಿ, ಏರ್ ಪಂಪಿನ ಸಪೂರ ಪೈಪನ್ನು ಕುತ್ತಿಗೆಯವರೆಗೆ ಇಳಿಸಿದರೆ ಮರಿ ಮಾಡುವ ಪಾತ್ರೆ ಸಿದ್ಧ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಒಂದು ಗ್ರಾಂ ಮೊಟ್ಟೆ. ನಮ್ಮ ಕಡೆಯ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಹುಳಿ ಗುಣದ್ದು. ಮೊಟ್ಟೆ ಒಡೆಯಲು ಪಿಎಚ್ 8ಕ್ಕಿಂತ ಮೇಲಿರಬೇಕಾದ್ದರಿಂದ ಲೀಟರಿಗೆ ಕಾಲು ಚಮಚ ಅಡುಗೆ ಸೋಡಾ ಸೇರಿಸುವುದನ್ನು ಮರೆಯಬಾರದು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಹಿಂದಿನ ದಿನವೇ ಗಾಳಿ ಹಾಯಿಸಿಡಬೇಕು. ಗಾಳಿಯ ರಭಸ ಮೊಟ್ಟೆಗಳು ತಳ ಸೇರದೆ ಕುದಿಯುವ ಗಂಜಿಯಂತೆ ತಿರುಗುತ್ತಿರುವಷ್ಟಿರಬೇಕು. ಪಕ್ಕದಲ್ಲೊಂದು ದೀಪ ಉರಿಯುತ್ತಿರಲಿ. ಮೊದಲ ಕೆಲವು ಗಂಟೆ ಬೆಳಕು ಸಿಗದಿದ್ದರೆ ಬಹಳ ಮೊಟ್ಟೆಗಳು ಎಚ್ಚರಗೊಳ್ಳುವುದೇ ಇಲ್ಲ. ನೀರಿನ ಉಷ್ಣತೆ 26ರಿಂದ 28 ಡಿಗ್ರಿ ಇದ್ದರೆ 18ರಿಂದ 24 ಗಂಟೆಯೊಳಗೆ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿಯ ಸೆಕೆಯಲ್ಲಿ ಹೀಟರಿನ ಅಗತ್ಯ ಬೀಳುವುದಿಲ್ಲ.

ಮರಿಗಳನ್ನು ಬೇರ್ಪಡಿಸುವ ಹೊತ್ತಿಗೆ ಅವಸರ ಮಾಡಬಾರದು. ಗಾಳಿ ನಿಲ್ಲಿಸಿ, ಬಾಟಲಿಯ ಮೇಲ್ಭಾಗಕ್ಕೆ ಕಪ್ಪು ಬಟ್ಟೆ ಹೊದಿಸಿ, ಕುತ್ತಿಗೆಯ ಬಳಿ ಟಾರ್ಚ್ ಹಿಡಿದು ಹತ್ತು ನಿಮಿಷ ಕಾದರೆ ಒಂದೇ ನೀರು ಮೂರಾಗಿ ಒಡೆಯುವುದು ಕಾಣುತ್ತದೆ. ಕಂದು ಬಣ್ಣದ ಖಾಲಿ ಸಿಪ್ಪೆಗಳು ಮೇಲೆ ತೇಲುತ್ತವೆ. ಒಡೆಯದ ಮೊಟ್ಟೆಗಳು ಬಿರಡೆಯ ಮೇಲೆ ರಾಗಿ ಕಾಳಿನ ಬಣ್ಣದ ತೆಳು ಪದರವಾಗಿ ಕೂರುತ್ತವೆ. ಅದರ ಮೇಲೆ ಬೆಳಕನ್ನು ಅರಸಿ ಬಂದ ಮರಿಗಳು ಕಿತ್ತಳೆ ಹೊಗೆಯ ಹಾಗೆ ದಟ್ಟವಾಗಿ, ಒಂದೇ ಸಮನೆ ಮಿಡಿಯುತ್ತ ನಿಲ್ಲುತ್ತವೆ. ಬಿರಡೆ ಸಡಿಲಿಸಿ ಮೊದಲ ಒಂದೆರಡು ಚಮಚ ನೀರನ್ನು ಚೆಲ್ಲಿ, ಆಮೇಲೆ ಬರುವ ಕಿತ್ತಳೆ ನೀರನ್ನು ಮಾತ್ರ 120 ಮೈಕ್ರಾನ್ ಜಾಲರಿಯಲ್ಲಿ ಹಿಡಿದು ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಮೊಟ್ಟೆ ಒಡೆದ ನೀರಿನಲ್ಲಿ ಗ್ಲಿಸರಾಲ್ ಮತ್ತು ಅದನ್ನು ತಿಂದು ಹೆಚ್ಚಿದ ಬ್ಯಾಕ್ಟೀರಿಯಾ ತುಂಬಿರುವುದರಿಂದ ಅದರ ಒಂದು ಹನಿಯೂ ಟ್ಯಾಂಕಿಗೆ ಹೋಗಬಾರದು. ಜಾಲರಿಗೆ ದೂರ ಹೋಗಬೇಕಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಸಾಮಾನು ಮಾರುವವರಲ್ಲಿ ಬಗೆಬಗೆಯ ಸಾಂದ್ರತೆಯ ನೈಲಾನ್ ಬಟ್ಟೆ ಸಿಗುತ್ತದೆ. ಅದನ್ನು ಪಿವಿಸಿ ಪೈಪಿನ ತುಂಡಿನ ಬಾಯಿಗೆ ಅಂಟಿಸಿಕೊಂಡರಾಯಿತು.

ಸಿಪ್ಪೆ ಪೂರ್ತಿ ಬೇಡವೆನ್ನುವವರು ಮೊಟ್ಟೆಯ ಸಿಪ್ಪೆಯನ್ನು ಮೊದಲೇ ಕರಗಿಸಬಹುದು. ಮೊಟ್ಟೆಗಳನ್ನು ಒಂದು ಗಂಟೆ ಸಿಹಿನೀರಿನಲ್ಲಿ ಗಾಳಿ ಹಾಯಿಸುತ್ತ ನೆನೆಸಿ, ಸೋಸಿ, ಬ್ಲೀಚ್ ದ್ರಾವಣಕ್ಕೆ ಹಾಕಿ ಕಲಕುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಕಂದು ಬಣ್ಣ ಬೂದಿಯಾಗಿ, ಬೂದಿ ಬಿಳಿಯಾಗಿ, ಬಿಳಿ ಕಿತ್ತಳೆಯಾಗುತ್ತದೆ. ಕಿತ್ತಳೆ ಬಂದ ಕ್ಷಣವೇ ಸೋಸಿ, ಕ್ಲೋರಿನ್ ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಹೈಪೋ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬೇಕು. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. 40 ಡಿಗ್ರಿ ದಾಟಿದರೆ ಒಳಗಿನ ಜೀವ ಬೆಂದುಹೋಗುವುದರಿಂದ ಐಸ್ ತುಂಡು ಕೈಗೆ ಸಿಗುವಂತಿರಲಿ. ಗ್ಲೌಸ್ ಹಾಕಿಕೊಂಡು ಹಿತ್ತಲಿನ ಗಾಳಿಯಲ್ಲೇ ಮಾಡುವುದೊಳ್ಳೆಯದು. ಹೀಗೆ ಸುಲಿದ ಮೊಟ್ಟೆಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಮರಿ ಮಾಡದೆ ಹಾಗೆಯೇ ಹಾಕಿದರೂ ಸಣ್ಣ ಬಾಯಿಯ ಮೀನುಗಳು ತಿನ್ನುತ್ತವೆ.

ಇಷ್ಟೆಲ್ಲ ಓದಿದವರೂ ತಪ್ಪುವುದು ಮುಂದಿನ ಹಂತದಲ್ಲಿ. ಮೊಟ್ಟೆಯಿಂದ ಹೊರಬಿದ್ದ ಮರಿಗೆ ಬಾಯಿ ತೆರೆದಿರುವುದಿಲ್ಲ. ಹೊಟ್ಟೆಯೊಳಗೆ ಕಟ್ಟಿಕೊಂಡು ಬಂದ ಬುತ್ತಿಯನ್ನೇ, ಎಂದರೆ ಮೊಟ್ಟೆಯ ಹಳದಿಯನ್ನೇ, ಕರಗಿಸುತ್ತ ಅದು ಈಜುತ್ತದೆ. ಸುಮಾರು ಎಂಟು ಗಂಟೆಯಲ್ಲಿ ಪೊರೆ ಕಳಚಿ ಎರಡನೆಯ ಹಂತಕ್ಕೆ ಬರುವ ಹೊತ್ತಿಗೆ ಬುತ್ತಿ ಬಹುಪಾಲು ಮುಗಿದಿರುತ್ತದೆ, ಮರಿಯ ಬಣ್ಣ ಮಾಸಿರುತ್ತದೆ, ಮೈ ಉದ್ದವಾಗಿ ಓಟ ಚುರುಕಾಗಿ ಮೀನಿಗೆ ಹಿಡಿಯುವುದೂ ಕಷ್ಟವಾಗಿರುತ್ತದೆ. ಬೆಳಿಗ್ಗೆ ಸೋಸಿದ ಮರಿಯನ್ನು ರಾತ್ರಿ ಹಾಕುವವರು ಮೀನಿಗೆ ಕೊಡುತ್ತಿರುವುದು ಈಜಾಡುವ ಹೊಟ್ಟನ್ನು. ಮೀನು ಬಾಯಿ ತುಂಬ ತಿನ್ನುತ್ತದೆ. ಆದರೂ ಬೆನ್ನಿನ ಮೂಳೆ ಕಾಣತೊಡಗುತ್ತದೆ.

ಇದಕ್ಕೆ ಸುಲಭದ ದಾರಿಯೆಂದರೆ ತಾಜಾ ಮರಿಗಳಲ್ಲಿ ಆ ಹೊತ್ತಿಗೆ ಬೇಕಾದಷ್ಟನ್ನು ಹಾಕಿ, ಉಳಿದವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ರಿಜ್‌ನಲ್ಲಿಡುವುದು. ತಂಪಿನಲ್ಲಿ ಬುತ್ತಿ ನಿಧಾನವಾಗಿ ಕರಗುವುದರಿಂದ ಒಂದು ದಿನ ದಾಟಿಸಬಹುದು. ಇನ್ನೊಂದು ದಾರಿ ಎರಡನೆಯ ಹಂತ ಬರುವವರೆಗೆ ಕಾದು, ಬಾಯಿ ತೆರೆದ ಮರಿಗಳಿಗೆ ಹನ್ನೆರಡು ಗಂಟೆ ಪಾಚಿಯನ್ನೋ, ಸಿಗಡಿ ಹ್ಯಾಚರಿಯವರು ಬಳಸುವ ಕೊಬ್ಬಿನ ಎಮಲ್ಷನ್ನನ್ನೋ ತಿನ್ನಿಸಿ, ತೊಳೆದು ಹಾಕುವುದು. ಎರಡನೆಯದರಲ್ಲಿ ಶ್ರಮ ಹೆಚ್ಚು. ಆದರೆ ಆರ್ಟೀಮಿಯಾದಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಇಲ್ಲವೆನ್ನುವಷ್ಟು ಕಡಿಮೆ, ಕಡಲ ಮೀನಿಗೆ ಅದಿಲ್ಲದೆ ನಡೆಯುವುದಿಲ್ಲ. ಹೀಗಾಗಿ ವಾರಗಟ್ಟಲೆ ಇದರ ಮೇಲೆಯೇ ಸಾಕುವವರಿಗೆ ಬೇರೆ ದಾರಿಯಿಲ್ಲ.

ಮೊಟ್ಟೆಯ ಡಬ್ಬಿಯನ್ನು ಇಡುವ ಬಗ್ಗೆ ಒಂದು ಮಾತು, ಅದೂ ಸ್ವಂತ ನಷ್ಟದಿಂದ ಕಲಿತದ್ದು. ಒಂದು ವರ್ಷ ಮೇ ಕೊನೆಯಲ್ಲಿ ದೊಡ್ಡ ಡಬ್ಬಿ ಕೊಂಡು, ಸೀಲ್ ಒಡೆದು, ಅಡುಗೆಮನೆಯ ಶೆಲ್ಫಿನಲ್ಲಿಟ್ಟಿದ್ದೆ. ಜೂನ್ ಮಧ್ಯದವರೆಗೆ ಚೆನ್ನಾಗಿಯೇ ಮರಿಯಾದವು. ಜುಲೈಯಲ್ಲಿ ಅದೇ ಅಳತೆ, ಅದೇ ಬಾಟಲಿ, ಅದೇ ದೀಪ. ಬಾಟಲಿಯಲ್ಲಿ ಉಳಿದದ್ದು ಕಾಫಿ ಚರಟದಂತಹ ಕಂದು ನೀರು. ಮಾರಿದವರನ್ನು ಮನಸ್ಸಿನಲ್ಲಿ ಬೈದುಕೊಂಡು ಒಂದು ವಾರ ಕಳೆದ ಮೇಲೆ, ಪಕ್ಕದ ಡಬ್ಬಿಯ ಹಪ್ಪಳವೂ ಮೆತ್ತಗಾಗಿರುವುದನ್ನು ಕಂಡು ಕಾರಣ ಹೊಳೆಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಮೊಟ್ಟೆಗಳು ಗಾಳಿಯ ತೇವ ಹೀರುತ್ತವೆ. ಒಡೆಯುವಷ್ಟು ನೀರು ಸಿಗದೆ, ಸುಪ್ತವಾಗಿರುವಷ್ಟು ಒಣಗಿಯೂ ಇರದೆ, ನಡುವೆಯೇ ಸಾಯುತ್ತವೆ. ಈಗ ಡಬ್ಬಿ ಒಡೆದ ದಿನವೇ ಹದಿನೈದು ದಿನಕ್ಕೆ ಸಾಲುವಷ್ಟನ್ನು ಒಂದೊಂದು ಪುಟ್ಟ ಬಾಟಲಿಗೆ ತುಂಬಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ ಫ್ರಿಜ್‌ನಲ್ಲಿಡುತ್ತೇನೆ. ಹೊರತೆಗೆದ ಬಾಟಲಿ ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆಗೆಯುವುದಿಲ್ಲ, ಏಕೆಂದರೆ ತಣ್ಣಗಿನ ಮೊಟ್ಟೆಯ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ.

ಬೆಳೆದ ಆರ್ಟೀಮಿಯಾ ಬೇಕಾದವರು, ಅದರಲ್ಲೂ ಕಾಪರ್‌ಬ್ಯಾಂಡ್ ಇರುವವರು, ಮರಿಗಳಲ್ಲಿ ಒಂದು ಪಾಲನ್ನು 20 ಲೀಟರಿನ ಬಾಲ್ದಿಯಲ್ಲಿ ಬಿಡಬಹುದು. ಇದಕ್ಕೆ ನಮ್ಮ ಕಡೆ ಅಗ್ಗದ ಆಹಾರವಿದೆ: ಅಕ್ಕಿ ಗಿರಣಿಯ ತೌಡು. ನುಣ್ಣಗೆ ಪುಡಿ ಮಾಡಿದ ತೌಡನ್ನು ಉಪ್ಪುನೀರಿನಲ್ಲಿ ಕಲಸಿ, 50 ಮೈಕ್ರಾನ್ ಬಟ್ಟೆಯಲ್ಲಿ ಹಿಂಡಿ, ಬಂದ ಹಾಲಿನಂತಹ ನೀರನ್ನು ಮಾತ್ರ ಹನಿಸಬೇಕು. ಬಿಳಿ ತಟ್ಟೆಯೊಂದನ್ನು ಇಳಿಬಿಟ್ಟರೆ ಒಂದು ಗೇಣು ಆಳದಲ್ಲಿ ಮಸುಕಾಗಿ ಕಾಣುವಷ್ಟು ಕದಡಿದರೆ ಸಾಕು. ನೀರು ತಿಳಿಯಾದ ಮೇಲೆ ಮತ್ತೆ ಹಾಕಬೇಕು. ಎರಡು ಮೂರು ವಾರದಲ್ಲಿ ಒಂದು ಸೆಂಟಿಮೀಟರ್ ಉದ್ದಕ್ಕೆ ಬರುತ್ತವೆ. ಮೀನಿಗೆ ಹಾಕುವ ಹಿಂದಿನ ರಾತ್ರಿ ತೌಡು ನಿಲ್ಲಿಸಿ ಪಾಚಿ ತಿನ್ನಿಸಬೇಕು. ತೌಡು ಆರ್ಟೀಮಿಯಾವನ್ನು ಬೆಳೆಸುತ್ತದೆಯೇ ಹೊರತು ಮೀನಿಗೆ ಬೇಕಾದ ಕೊಬ್ಬನ್ನು ಅದರೊಳಗೆ ತುಂಬುವುದಿಲ್ಲ.

ಪಾಚಿ ಮತ್ತು ಕೊಪೆಪಾಡ್

ಮೇಲೆ ಪಾಚಿಯ ಮಾತು ಪದೇ ಪದೇ ಬಂತು. ನ್ಯಾನೊಕ್ಲೋರಾಪ್ಸಿಸ್ ಎಂಬ, ಎರಡರಿಂದ ನಾಲ್ಕು ಮೈಕ್ರಾನ್ ಗಾತ್ರದ ಹಸಿರು ಪಾಚಿ ಮನೆಯಲ್ಲಿ ಬೆಳೆಸಲು ಅತ್ಯಂತ ಸುಲಭದ್ದು. ಶುದ್ಧಗೊಳಿಸಿದ ಉಪ್ಪುನೀರು, ಎಫ್/2 ಎಂದು ಕರೆಯುವ ಗೊಬ್ಬರದ ದ್ರಾವಣ, ಬಿಳಿ ಎಲ್‌ಇಡಿ ದೀಪ, ಸಣ್ಣಗೆ ಗಾಳಿ, ಇಷ್ಟೇ ಸಾಮಗ್ರಿ. ಒಂದು ವಾರದಲ್ಲಿ ಬಾಟಲಿ ಕಡು ಹಸಿರಾಗುತ್ತದೆ. ಅದರ ಮುಕ್ಕಾಲು ಪಾಲನ್ನು ಬಳಸಲು ತೆಗೆದು, ಉಳಿದ ಕಾಲು ಪಾಲಿಗೆ ಹೊಸ ನೀರು ತುಂಬಿದರೆ ಮುಂದಿನ ವಾರದ್ದು ತಯಾರಾಗುತ್ತದೆ. ತೆಗೆದ ಪಾಚಿ ಫ್ರಿಜ್‌ನಲ್ಲಿ ಎರಡು ಮೂರು ವಾರ ಬದುಕಿರುತ್ತದೆ, ದಿನಕ್ಕೊಮ್ಮೆ ಅಲುಗಾಡಿಸುತ್ತಿರಬೇಕು. ಇದರಲ್ಲಿ ಇಪಿಎ ಎಂಬ ಇನ್ನೊಂದು ಕೊಬ್ಬಿನಾಮ್ಲ ಹೇರಳವಿದ್ದರೂ ಡಿಎಚ್‌ಎ ಇಲ್ಲದ ಕಾರಣ, ಕೈ ಪಳಗಿದ ಮೇಲೆ ಐಸೊಕ್ರೈಸಿಸ್ ಎಂಬ ಕಂದು ಪಾಚಿಯನ್ನೂ ಜೊತೆಗೆ ಬೆಳೆಸುವುದು ಉತ್ತಮ. ಅದು ಸ್ವಲ್ಪ ನಾಜೂಕಿನದು, ಮೇ ತಿಂಗಳ ಸೆಕೆಯನ್ನು ಸಹಿಸುವುದಿಲ್ಲ.

ಕೊಪೆಪಾಡ್‌ಗಳ ಹೆಚ್ಚುಗಾರಿಕೆ ಇಲ್ಲಿಯೇ ಇದೆ. ಒಳ್ಳೆಯ ಪಾಚಿ ತಿಂದು ಬೆಳೆದ ಕೊಪೆಪಾಡ್‌ನ ಮೈಯಲ್ಲಿ ಕಡಲ ಮೀನಿಗೆ ಬೇಕಾದ ಕೊಬ್ಬುಗಳು ಸಹಜವಾಗಿಯೇ ಇರುತ್ತವೆ. ಆರ್ಟೀಮಿಯಾಗೆ ಮಾಡುವಂತೆ ಗಂಟೆ ಎಣಿಸಿ ತುಂಬಿಸಬೇಕಿಲ್ಲ. ಟಿಗ್ರಿಯೋಪಸ್, ಟಿಸ್ಬೆ, ಅಪೋಸೈಕ್ಲಾಪ್ಸ್ ಎಂಬ ಹೆಸರುಗಳಲ್ಲಿ ಇವು ಹವ್ಯಾಸಿಗಳ ನಡುವೆ ಓಡಾಡುತ್ತವೆ. ಕೆಂಪಗೆ ದೊಡ್ಡದಾಗಿ ಕಾಣುವ ಟಿಗ್ರಿಯೋಪಸ್ ನೋಡಲು ಚೆಂದ, ಆದರೆ ಅದರ ಕ್ಯಾಲಿಫೋರ್ನಿಯಾ ತಳಿ ತಂಪು ನೀರಿನದು. ನಮ್ಮ ಹವೆಗೆ ಟಿಸ್ಬೆ ಮತ್ತು ಅಪೋಸೈಕ್ಲಾಪ್ಸ್ ಹೊಂದುತ್ತವೆ ಎಂಬುದು ನನ್ನ ಅನುಭವ. ಮ್ಯಾಂಡರಿನ್‌ಗಾದರೆ ಕಲ್ಲಿನ ಮೇಲೆ ಹರಿದಾಡುವ ಟಿಸ್ಬೆಯೇ ಸರಿ.

ಆಳದ ಪಾತ್ರೆಗಿಂತ ಅಗಲದ ಪಾತ್ರೆ ಒಳ್ಳೆಯದು, ಏಕೆಂದರೆ ಇವಕ್ಕೆ ಬೇಕಾದುದು ತೆವಳಲು ಮೇಲ್ಮೈ. ಐದು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಅಡಿಗಿಂತ ಕಡಿಮೆ ನೀರು, ಏರ್ ಸ್ಟೋನ್ ಇಲ್ಲದೆ ಬರಿಯ ಪೈಪಿನಿಂದ ಸೆಕೆಂಡಿಗೆ ಒಂದೆರಡು ಗುಳ್ಳೆ, ತಳದಲ್ಲಿ ಒಂದು ಹಿಡಿ ಹವಳದ ಚೂರು ಅಥವಾ ತೊಳೆದ ಮರುವಾಯಿ ಚಿಪ್ಪು. ಪಾಚಿಯನ್ನು ನೀರು ತಿಳಿಹಸಿರಾಗುವಷ್ಟು ಹಾಕಿ, ಅದು ಪೂರ್ತಿ ತಿಳಿಯಾದ ಮೇಲೆಯೇ ಮತ್ತೆ ಹಾಕಬೇಕು. ಹಸಿವಿನಿಂದ ಸತ್ತ ಕೊಪೆಪಾಡ್ ಡಬ್ಬಿಗಳನ್ನು ನಾನು ಕಂಡಿಲ್ಲ. ಪ್ರೀತಿ ಹೆಚ್ಚಾಗಿ ಕೊಳೆತವುಗಳನ್ನು ಬಹಳ ಕಂಡಿದ್ದೇನೆ. ಡಬ್ಬಿಯ ಗೋಡೆಗೆ ಟಾರ್ಚ್ ಬಿಟ್ಟು, ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂತಹ ಮಸೂರದಿಂದ ನೋಡಿದರೆ ಬಾಲದ ಎರಡೂ ಬದಿ ಮೊಟ್ಟೆಯ ಚೀಲ ಹೊತ್ತ ಅಪೋಸೈಕ್ಲಾಪ್ಸ್ ಹೆಣ್ಣುಗಳು ಜರ್ಕು ಜರ್ಕಾಗಿ ಚಲಿಸುವುದು ಕಾಣುತ್ತದೆ. ಟಿಸ್ಬೆಗೆ ಹೊಟ್ಟೆಯಡಿ ಒಂದೇ ಚೀಲ. ಚೀಲ ಹೊತ್ತ ಹೆಣ್ಣುಗಳು ಕಡಿಮೆಯಾಗುತ್ತ ಬಂದರೆ, ಇಲ್ಲವೇ ನೀರಿನ ಮೇಲೆ ನೊರೆ ನಿಂತು ವಾಸನೆ ಬಂದರೆ, ತಕ್ಷಣ ಅರ್ಧ ನೀರು ಬದಲಿಸಬೇಕು. ಏನೂ ತೊಂದರೆ ಕಾಣದಿದ್ದರೂ ವಾರಕ್ಕೊಮ್ಮೆ ಮೂರನೇ ಒಂದು ಭಾಗ ಬದಲಿಸುವುದು, ಎರಡು ಮೂರು ತಿಂಗಳಿಗೊಮ್ಮೆ ಡಬ್ಬಿ ತೊಳೆದು ಹೊಸದಾಗಿ ಆರಂಭಿಸುವುದು ರೂಢಿಯಾಗಬೇಕು.

ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಟಿಸ್ಬೆ ಕುಸಿಯುತ್ತದೆ. ಒದ್ದೆ ಬಟ್ಟೆ ಸುತ್ತಿ ತಂಪು ಮಾಡುವ ಉಪಾಯ ಬಯಲುಸೀಮೆಯವರಿಗೆ ಸರಿ. ಇಲ್ಲಿಯ ಗಾಳಿಯಲ್ಲೇ ನೀರು ತುಂಬಿರುವಾಗ ಬಟ್ಟೆಯ ನೀರು ಆರುವುದೇ ಇಲ್ಲ, ತಂಪೂ ಆಗುವುದಿಲ್ಲ. ಮಹಡಿಯ ಕೋಣೆಯಿಂದ ಇಳಿಸಿ, ಬಿಸಿಲು ತಾಗದ ಒಳಕೋಣೆಯ ಕಾವಿ ನೆಲದ ಮೇಲಿಟ್ಟರೆ ಎರಡು ಡಿಗ್ರಿಯಷ್ಟಾದರೂ ಇಳಿಯುತ್ತದೆ. ಯಾವ ಕಾರಣಕ್ಕೂ ಒಂದೇ ಡಬ್ಬಿಯನ್ನು ನೆಚ್ಚಬಾರದು. ನನ್ನಲ್ಲಿ ಮೂರಿವೆ, ಮೂರೂ ಬೇರೆ ಬೇರೆ ಕೋಣೆಗಳಲ್ಲಿ; ನಾಲ್ಕನೆಯದನ್ನು ಗೆಳೆಯರೊಬ್ಬರ ಮನೆಯಲ್ಲಿಟ್ಟಿದ್ದೇನೆ, ಅವರದೊಂದು ನನ್ನಲ್ಲಿದೆ.

ಕೈಗಳ ಕ್ರಮವೂ ಮುಖ್ಯ. ಬೆಳಗಿನ ಕೆಲಸ ಯಾವಾಗಲೂ ಪಾಚಿಯಿಂದ ಆರಂಭವಾಗಿ, ಕೊಪೆಪಾಡ್‌ಗೆ ಹೋಗಿ, ಪಾಚಿ ತಿನ್ನುವ ಇನ್ನೂ ಚಿಕ್ಕ ಜೀವಿಯಾದ ರೋಟಿಫರ್ ಇದ್ದರೆ ಅದು ಕೊನೆಗಿರಬೇಕು. ಒದ್ದೆ ಕೈಯಲ್ಲಿ ಅಂಟಿಕೊಂಡ ಒಂದು ರೋಟಿಫರ್ ಪಾಚಿಯ ಬಾಟಲಿ ಸೇರಿದರೆ ಗಂಡಿನ ಹಂಗಿಲ್ಲದೆ ಸಂತಾನ ಬೆಳೆಸಿ, ವಾರದೊಳಗೆ ಹಸಿರು ನೀರನ್ನು ತಿಳಿನೀರು ಮಾಡಿಬಿಡುತ್ತದೆ. ಜಾಲರಿ, ಪೈಪು, ಅಳತೆ ಲೋಟ ಒಂದೊಂದಕ್ಕೂ ಬೇರೆಯೇ ಇರಲಿ. ರೋಟಿಫರ್ ಬೇಕಾಗುವುದು ಮುಖ್ಯವಾಗಿ ಕ್ಲೌನ್ ಮೀನಿನ ಮರಿ ಮಾಡಿಸುವವರಿಗೆ. ಬೆಳೆದ ಮೀನಿಗೆ ಅದು ತೀರಾ ಚಿಕ್ಕದು.

ಟ್ಯಾಂಕಿಗೆ ಕೊಪೆಪಾಡ್ ಬಿಡುವುದು ದೀಪ ಆರಿದ ಮೇಲೆ, ಪಂಪ್ ಅರ್ಧ ಗಂಟೆ ನಿಲ್ಲಿಸಿ, ಉದ್ದ ಪೈಪಿನಿಂದ ಕಲ್ಲುಗಳ ಬುಡಕ್ಕೆ. ಹಗಲಲ್ಲಿ ಮೇಲಿನಿಂದ ಸುರಿದರೆ ಡ್ಯಾಮ್ಸೆಲ್ ಮೀನುಗಳ ಔತಣವಾಗುತ್ತದೆ. ಸಂಪ್, ಎಂದರೆ ಟ್ಯಾಂಕಿನ ನೀರು ಹಾದುಹೋಗಿ ಮರಳುವ ಜೋಡಿ ತೊಟ್ಟಿ, ಇರುವವರು ಅದರ ಒಂದು ಭಾಗದಲ್ಲಿ ಕೀಟೊಮಾರ್ಫಾ ಪಾಚಿಯ ಉಂಡೆ ಹಾಕಿ, ಮೀನಿಲ್ಲದ ತಾಣ ಮಾಡಿಕೊಟ್ಟರೆ ಅಲ್ಲಿ ಹುಟ್ಟಿದವು ತಾವಾಗಿ ಟ್ಯಾಂಕಿಗೆ ಹರಿಯುತ್ತಿರುತ್ತವೆ. ಒಂದೇ ಮ್ಯಾಂಡರಿನ್ ಇರುವ, ಕಲ್ಲು ಹೇರಳವಿರುವ, ವರ್ಷ ಹಳೆಯದಾದ ಟ್ಯಾಂಕಿನಲ್ಲಿ ಮಾತ್ರ ಇದು ಸಾಕಾದೀತು.

ಮರುವಾಯಿ, ಮತ್ತು ಹಾಕಬಾರದವು

ಕಾಪರ್‌ಬ್ಯಾಂಡ್ ಏನನ್ನೂ ಮುಟ್ಟದೆ ನಾಲ್ಕು ದಿನ ಕಳೆದಿದ್ದರೆ ಮೀನು ಮಾರುಕಟ್ಟೆಗೆ ಹೋಗಿ ಹತ್ತು ಮರುವಾಯಿ ತನ್ನಿ. ಕುಂದಾಪುರದ ಕಡೆಯವರು ಬಳಚು ಎಂದು ಕೇಳಬೇಕು. ತಟ್ಟಿದರೆ ಚಿಪ್ಪು ಮುಚ್ಚಿಕೊಳ್ಳುವುದು ಜೀವಂತ. ಬಾಯಿ ಬಿಟ್ಟುಕೊಂಡೇ ಇರುವುದನ್ನು ತೆಗೆದುಕೊಳ್ಳಬಾರದು. ಹೊಳೆಬಾಯಿಯ ಕೆಸರಿನಿಂದ ಬಂದ ಅವನ್ನು ಒಂದು ರಾತ್ರಿ ಉಪ್ಪುನೀರಿನಲ್ಲಿಟ್ಟರೆ ಮರಳು ಉಗುಳುತ್ತವೆ. ಚಾಕುವಿನಿಂದ ಬಿಡಿಸಿ, ಮಾಂಸವಿರುವ ಅರ್ಧ ಚಿಪ್ಪನ್ನು ಮೀನು ಸುಳಿದಾಡುವ ಕಲ್ಲಿನ ಸಂದಿನಲ್ಲಿ ಸಿಕ್ಕಿಸಿ ದೂರ ಸರಿದು ಕೂರಬೇಕು. ಹಸಿ ಮಾಂಸದ ರಸ ನೀರಿಗಿಳಿದ ಕೆಲವು ನಿಮಿಷಗಳಲ್ಲಿ ಮೀನು ಒಮ್ಮೆ ಓರೆಯಾಗಿ ನೋಡಿ, ಹಿಂದೆ ಸರಿದು, ಮತ್ತೆ ಬಂದು ಅಂಚನ್ನು ಕಚ್ಚಿ ಎಳೆಯುತ್ತದೆ. ಎರಡು ಗಂಟೆಯ ಮೇಲೆ ಚಿಪ್ಪನ್ನು ಹೊರತೆಗೆಯದಿದ್ದರೆ ನೀರು ಕೆಡುತ್ತದೆ. ಪಚ್ಚಿಲೆ ಎಂಬ ಹಸಿರು ಚಿಪ್ಪಿನದೂ ಆಗಬಹುದು, ಆದರೆ ಮರುವಾಯಿಯ ಮೇಲಿನಷ್ಟು ಆಸೆ ಅದರ ಮೇಲೆ ಕಂಡಿಲ್ಲ. ಮಳೆಗಾಲಕ್ಕೆಂದು ಮೇ ತಿಂಗಳಲ್ಲೇ ಸ್ವಲ್ಪ ಬಿಡಿಸಿ ಫ್ರೀಜರಿನಲ್ಲಿಡುವುದು ಜಾಣತನ.

ಸಿಂಹಮೀನಿನಂತಹ ಬೇಟೆಗಾರರಿಗೆ ಚಿನ್ನದ ಮೀನು ಹಾಕುವ ಅಭ್ಯಾಸ ಬಿಡಬೇಕು; ಅದರ ಮೈಯಲ್ಲಿರುವ ಥಯಾಮಿನೇಸ್ ಬೇಟೆ ಮೀನಿನ ವಿಟಮಿನ್ ಬಿ1 ಅನ್ನು ನಾಶಪಡಿಸುತ್ತದೆ. ಮೋಲಿ ಮೀನನ್ನು ಕೆಲವು ದಿನಗಳಲ್ಲಿ ಹಂತಹಂತವಾಗಿ ಉಪ್ಪುನೀರಿಗೆ ಒಗ್ಗಿಸಿ, ಅಲ್ಲಿಯೇ ಮರಿ ಹಾಕಿಸಿ, ಆ ಮರಿಗಳನ್ನು ಕೊಡಬಹುದು. ಸೊಳ್ಳೆಯ ಹುಳು ಒಳ್ಳೆಯ ಆಹಾರವೇ ಸರಿ. ಆದರೆ ಮಲೇರಿಯಾ, ಡೆಂಗಿ ಎರಡನ್ನೂ ಕಂಡಿರುವ ಊರಿನಲ್ಲಿ ಹಿತ್ತಲಿನ ಬಾಲ್ದಿಯಲ್ಲಿ ಸೊಳ್ಳೆ ಸಾಕುವುದು ಮೀನಿನ ಹೆಸರಿನಲ್ಲೂ ಮಾಡಬಾರದ ಕೆಲಸ.

ಫ್ರೋಜನ್‌ಗೆ ಒಗ್ಗಿಸಲು ಬೆಳೆದ ಆರ್ಟೀಮಿಯಾ ಒಳ್ಳೆಯ ಮಧ್ಯವರ್ತಿ. ಮೊದಲ ವಾರ ಜೀವಂತವನ್ನಷ್ಟೇ, ದಿನವೂ ಅದೇ ಹೊತ್ತಿಗೆ, ಅದೇ ಪೈಪಿನಿಂದ, ಅದೇ ಮೂಲೆಯಲ್ಲಿ ಕೊಟ್ಟರೆ ಮೀನು ಪೈಪನ್ನು ಕಂಡೇ ಬರತೊಡಗುತ್ತದೆ. ಆಮೇಲೆ ಹತ್ತಕ್ಕೆ ಎರಡರಂತೆ ಕರಗಿಸಿದ ಫ್ರೋಜನ್ ಮೈಸಿಸ್ ಎಂಬ ಸಿಗಡಿಯಂತಹ ಪುಟ್ಟ ಜೀವಿಯನ್ನು ಬೆರೆಸಿ, ಪಂಪಿನ ಹರಿವಿನಲ್ಲಿ ಅವು ಅಲುಗಾಡುವಂತೆ ಬಿಡಬೇಕು. ಉಗುಳಿದರೆ ನಿರಾಶೆ ಬೇಡ. ಬಾಯಿಗೆ ಹಾಕಿಕೊಂಡು ಉಗುಳುವ ಮೀನು ಮುಂದಿನ ವಾರ ನುಂಗುತ್ತದೆ, ತಿರುಗಿಯೂ ನೋಡದ ಮೀನಿನ ಬಗ್ಗೆ ಮಾತ್ರ ಚಿಂತಿಸಬೇಕು. ಹೆಚ್ಚಿನವು ಮೂರು ವಾರದಲ್ಲಿ ದಾರಿಗೆ ಬರುತ್ತವೆ.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ರಾತ್ರಿಯಿಡೀ ಕರೆಂಟ್ ಇಲ್ಲದಿರುವುದು ನಮಗೆ ಹೊಸತಲ್ಲ. ಆಗ ಮೊದಲು ಸಾಯುವುದು ಕಿಕ್ಕಿರಿದ ಆರ್ಟೀಮಿಯಾ ಬಾಟಲಿ. ಅದಕ್ಕೆ ಒಂದು ಗಂಟೆಯ ತಾಳ್ಮೆಯೂ ಇಲ್ಲ. ಪವರ್ ಬ್ಯಾಂಕಿನಲ್ಲಿ ನಡೆಯುವ ಯುಎಸ್‌ಬಿ ಏರ್ ಪಂಪ್ ಒಂದಿದ್ದರೆ ಟ್ಯಾಂಕಿಗೂ ಬಾಟಲಿಗೂ ಕವಲು ಪೈಪ್ ಹಾಕಿ ಬೆಳಗು ಮಾಡಬಹುದು. ಅಗಲ ಡಬ್ಬಿಯ ಕೊಪೆಪಾಡ್‌ಗಳು ಗಾಳಿಯಿಲ್ಲದೆ ಒಂದು ದಿನ ತಡೆಯುತ್ತವೆ, ಆದರೆ ಆ ದಿನ ಪಾಚಿ ಹಾಕಬಾರದು.

ಇಷ್ಟೆಲ್ಲ ಬೆಳೆಸಿಯೂ ಮೀನಿಗೆ ಸಾಲುತ್ತಿದೆಯೇ ಎಂದು ತಿಳಿಯಲು ಮೀನನ್ನೇ ನೋಡಬೇಕು. ಮ್ಯಾಂಡರಿನ್ ಗಾಜಿನ ಮೇಲೆ ಬಂದು ಕೂತಾಗ ಕೆಳಗಿನಿಂದ ಅದರ ಹೊಟ್ಟೆಯೂ, ಮೇಲಿನಿಂದ ತಲೆಯ ಹಿಂದಿನ ಬೆನ್ನೂ ಕಾಣುತ್ತವೆ. ಹೊಟ್ಟೆ ಒಳಗೆ ಸರಿದಿದ್ದರೆ, ಬೆನ್ನಿನ ಎರಡೂ ಬದಿ ಗುಳಿ ಬಿದ್ದಿದ್ದರೆ, ಆ ರಾತ್ರಿಯೇ ಮೂರು ಡಬ್ಬಿಗಳಲ್ಲಿ ಒಂದರ ಅರ್ಧವನ್ನು ಸೋಸಿ ಕಲ್ಲಿನ ಬುಡಕ್ಕೆ ಬಿಡಿ. ಉಳಿದರ್ಧವನ್ನು ಮುಟ್ಟದೆ, ಅದಕ್ಕೆ ಪಾಚಿ ಹಾಕಿ ಹತ್ತು ದಿನ ಬೆಳೆಯಲು ಬಿಡಿ.